ಪ್ರದರ್ಶನ ಮುಗಿದ ಮೇಲಿನ ಸೋಮವಾರ

ಪ್ರತಿ ವರ್ಷ ತುಮಕೂರು ರಸ್ತೆಯಲ್ಲಿ ಹೋಟೆಲ್ ಅಡುಗೆಮನೆಯ ಸಾಮಾನುಗಳ ಒಂದು ದೊಡ್ಡ ಪ್ರದರ್ಶನ ನಡೆಯುತ್ತದೆ. ಅದು ಮುಗಿದ ಮೇಲಿನ ಸೋಮವಾರ ನಮ್ಮ ಆಫೀಸಿನಲ್ಲಿ ಹಬ್ಬವಿದ್ದ ಹಾಗೆ. ಅಣ್ಣ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು, ಎಲ್ಲರಿಗೂ ಖಾರಾಬಾತು ಕೇಸರಿಬಾತು ತರಿಸುತ್ತಿದ್ದ. ತಿಂಡಿ ಮುಗಿದು, ಕಾಫಿ ಲೋಟಗಳೆಲ್ಲ ಕೆಳಗಿಳಿದ ಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ‘ಈಗ ಹೇಳಿ. ನಾವು ಹೋಗಿದ್ದಕ್ಕೆ ಏನು ಬಂತು?’ ಎಂದು ಕೇಳುತ್ತಿದ್ದ.

ನಮ್ಮದು ದೊಡ್ಡ ಕಂಪನಿಯೇನಲ್ಲ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಮುಂದೆ ಆಫೀಸು, ಹಿಂದೆ ವರ್ಕ್‌ಶಾಪು ಇರುವ ಹಳೇ ಕಟ್ಟಡ. ಹೋಟೆಲು, ಕಲ್ಯಾಣಮಂಟಪ, ಹಾಸ್ಟೆಲ್ಲುಗಳಿಗೆ ಬೇಕಾಗುವ ಕಾಯಿ ತುರಿಯುವ ಮೆಷಿನ್ನುಗಳನ್ನು ಮಾಡುತ್ತೇವೆ. ಅಪ್ಪಾಜಿ ಒಂದೇ ಒಂದು ಲೇತ್ ಇಟ್ಟುಕೊಂಡು ಶುರು ಮಾಡಿದ್ದು. ಆಗ ಮೋಟಾರಿರಲಿಲ್ಲ, ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಕಾಯಿ ಹಿಡಿಯಬೇಕಿತ್ತು. ಅವರು ಲಿಂಗೈಕ್ಯರಾದ ಮೇಲೆ ಅಣ್ಣ ಮೋಟಾರು ಕೂರಿಸಿದ, ಬೋರ್ಡು ಹಾಕಿದ, ಊರೂರು ತಿರುಗಿ ಡೀಲರುಗಳನ್ನು ಹಿಡಿದ. ನಾನು ಮದುವೆಯಾಗಿ ಮಲ್ಲೇಶ್ವರಕ್ಕೆ ಹೋದವಳು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ‘ಮನೇಲಿ ಕೂತು ಏನ್ಮಾಡ್ತೀಯ, ಬಾ’ ಎಂದು ಅಣ್ಣನೇ ಕರೆದ. ಅಂದಿನಿಂದ ಆಫೀಸು ನನ್ನದು, ಹೊರಗಿನ ಓಡಾಟ ಅವನದು. ಮೊದಲು ಬಸ್ಸಿನಲ್ಲಿ, ಆಮೇಲೆ ಮೆಟ್ರೋದಲ್ಲಿ, ದಿನಾ ಮಾರ್ಕೆಟ್ಟಿನಲ್ಲಿ ಇಳಿದು ನಡೆದುಕೊಂಡು ಬರುತ್ತೇನೆ.

ಅಣ್ಣ ಸ್ಟಾಲಿನಲ್ಲಿ ನಿಂತರೆ ನೋಡಬೇಕಿತ್ತು. ಸುತ್ತಮುತ್ತಲಿನ ಸ್ಟಾಲುಗಳಲ್ಲಿ ದೊಡ್ಡ ಟಿವಿ, ಸಂಗೀತ, ಟೈ ಕಟ್ಟಿಕೊಂಡ ಹುಡುಗರು. ನಮ್ಮಲ್ಲಿ ಒಂದು ಮೇಜು, ಒಂದು ಮೆಷಿನ್ನು, ಬಿಳಿ ಅರ್ಧತೋಳಿನ ಅಂಗಿಯ ಅಣ್ಣ. ಬಂದವರ ಮುಖ ನೋಡಿಕೊಂಡೇ ಮಾತಾಡುತ್ತ, ಕಾಯಿಹೋಳನ್ನು ಬ್ಲೇಡಿಗೆ ಒತ್ತುತ್ತಿದ್ದ. ಕಣ್ಣು ಕೈಯ ಕಡೆ ಹೋಗುತ್ತಲೇ ಇರಲಿಲ್ಲ. ಚಿಪ್ಪಿನ ಕಂದು ಸೋಕುವ ಮೊದಲೇ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಬೆಳ್ಳಗಿನ ತುರಿಗೆ ಚಿಟಿಕೆ ಸಕ್ಕರೆ ಸೇರಿಸಿ ದೊನ್ನೆಯಲ್ಲಿ ಕೊಟ್ಟು, ‘ಮೊದಲು ತಿನ್ನಿ, ವ್ಯಾಪಾರ ಆಮೇಲೆ’ ಎನ್ನುತ್ತಿದ್ದ. ಜನ ತಿನ್ನುತ್ತ ನಿಲ್ಲುತ್ತಿದ್ದರು. ನಿಂತವರಲ್ಲಿ ಯಾರು ಕೊಳ್ಳುವವರು, ಯಾರು ಸುಮ್ಮನೆ ಬಂದವರು ಎಂದು ಅವನಿಗೆ ಅವರು ದೊನ್ನೆ ಹಿಡಿದುಕೊಳ್ಳುವ ರೀತಿಯಲ್ಲೇ ತಿಳಿಯುತ್ತಿತ್ತಂತೆ. ಇದನ್ನು ನಾನು ನಂಬುತ್ತಿರಲಿಲ್ಲ. ಆದರೆ ಅವನು ಹೇಳಿದ್ದು ತಪ್ಪಾಗಿದ್ದು ಕಡಿಮೆ.

ಲೆಕ್ಕ ನೋಡುವುದರಲ್ಲಿ ಅವನದೊಂದು ಕಟ್ಟುನಿಟ್ಟಿತ್ತು. ಸ್ಟಾಲಿಗೆ ಎಷ್ಟು ಜನ ಬಂದರು ಎಂದು ಯಾರಾದರೂ ಹೇಳಲು ಹೊರಟರೆ ಕೈ ಅಡ್ಡ ತೋರಿಸುತ್ತಿದ್ದ. ‘ಜಾತ್ರೆಗೂ ಜನ ಬರ್ತಾರೆ. ಕೊಳ್ಳದೆ ಹೋದವರು ಯಾಕೆ ಕೊಳ್ಳಲಿಲ್ಲ, ಅದು ಹೇಳಿ’ ಎನ್ನುವುದು ಅವನ ಮಾತು. ಅದನ್ನು ತಿಳಿಯಲು ಪ್ರದರ್ಶನದಲ್ಲಿ ಕಾರ್ಡು ಕೊಟ್ಟು ಹೋದ ಒಬ್ಬೊಬ್ಬರಿಗೂ ಫೋನು ಮಾಡಬೇಕು. ಆದರೆ ಸ್ಟಾಲಿನಲ್ಲಿ ನಿಂತವರು ಆ ಫೋನು ಮಾಡಬಾರದು. ‘ನಾನು ಮಾಡಿದ್ರೆ ನನ್ನ ಮುಖಕ್ಕೆ ಚೆನ್ನಾಗಿತ್ತು ಅಂತಾರೆ. ಬೇರೆಯವರು ಕೇಳಿದ್ರೆ ನಿಜ ಹೇಳ್ತಾರೆ’ ಎನ್ನುತ್ತಿದ್ದ. ಹಾಗಾಗಿ ಫೋನು ಮಾಡುವ ಕೆಲಸ ಯಾವಾಗಲೂ ನನ್ನದು. ಬಂದ ಉತ್ತರಗಳನ್ನು ಯಾವುದನ್ನೂ ಮುಚ್ಚಿಡದೆ ಎಲ್ಲರೆದುರು ಹೇಳಬೇಕಿತ್ತು. ಒಂದು ವರ್ಷ ನಮ್ಮ ಮೆಷಿನ್ನಿನ ಸದ್ದು ಜಾಸ್ತಿ ಎಂದು ಹಲವರು ಹೇಳಿದರು. ಅಣ್ಣ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷದೊಳಗೆ ಸದ್ದು ಕಡಿಮೆ ಮಾಡಿಸಿದ.

ನಾನು ಹೇಳಬೇಕೆಂದಿರುವ ವರ್ಷ ಸ್ಟಾಲಿಗೆ ಅಣ್ಣನ ಜೊತೆ ಹೋದವಳು ನಮ್ಮ ಆಫೀಸಿನ ಹುಡುಗಿ. ಡಿಪ್ಲೊಮಾ ಮುಗಿಸಿ ನಮ್ಮಲ್ಲಿ ಸೇಲ್ಸಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಪ್ರತಿ ಸಲ ಕೊನೇ ದಿನ ಮಧ್ಯಾಹ್ನ ನಾನೂ ಒಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಆ ಸಲ ನಮ್ಮ ಯಜಮಾನರಿಗೆ ಕಣ್ಣಿನ ಪೊರೆ ತೆಗೆಸಿದ್ದರಿಂದ ಆಗಲಿಲ್ಲ.

ಪ್ರದರ್ಶನಕ್ಕೆ ಕಾಯಿ ಆರಿಸಿ ತರುವುದು ಅಣ್ಣನೇ. ಕೃಷ್ಣರಾಜ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತರುತ್ತಿದ್ದ. ಆ ಸಲ ಒಂದು ಚೀಲ ಬಂತು. ಮರುದಿನ ಅಷ್ಟೇ ದೊಡ್ಡ ಇನ್ನೊಂದು ಚೀಲ ಬಂತು. ‘ಈ ಸಲ ಅಣ್ಣಂಗೆ ಉತ್ಸಾಹ ಜಾಸ್ತಿ’ ಎಂದುಕೊಂಡು ನಾನು ನಕ್ಕೆ. ಮಿಕ್ಕ ಕಾಯಿಯನ್ನು ವರ್ಕ್‌ಶಾಪಿನವರೆಲ್ಲ ಮನೆಗೆ ಒಯ್ದರು.

ಸೋಮವಾರ ಅಣ್ಣ ಎಂದಿನಂತೆ ಬಂದ. ಖಾರಾಬಾತು ಬಂತು. ಕಾರ್ಡುಗಳ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಇಷ್ಟು ಒಳ್ಳೇ ಪ್ರದರ್ಶನ ಯಾವತ್ತೂ ಆಗಿರ್ಲಿಲ್ಲ ಕಣೇ. ನೀನು ಬರ್ಬೇಕಿತ್ತು’ ಎಂದ. ಡಬ್ಬಿ ನಿಜಕ್ಕೂ ತುಂಬಿತ್ತು. ಹುಡುಗಿಯನ್ನು ಕೇಳಿದ: ‘ನೀನು ಹೇಳಮ್ಮ, ಹೇಗಿತ್ತು?’

‘ಚೆನ್ನಾಗಿತ್ತು ಸರ್’ ಎಂದಳು. ಅವಳ ತಟ್ಟೆಯಲ್ಲಿ ತಿಂಡಿ ಹಾಗೇ ಇತ್ತು.

‘ಬರೀ ಚೆನ್ನಾಗಿತ್ತು ಅಂದ್ರೆ ಆಗಲ್ಲ’ ಎಂದು ಅಣ್ಣ ನಕ್ಕ. ‘ಇರ್ಲಿ. ಮೇಡಂ ಫೋನ್ ಮಾಡ್ತಾರೆ, ಎಲ್ಲಾ ಗೊತ್ತಾಗುತ್ತೆ.’

ಅದೇ ದಿನ ಶುರು ಮಾಡಿದೆ. ಮೊದಲು ಸಿಕ್ಕಿದ್ದು ತುಮಕೂರಿನಲ್ಲಿ ಹಾಸ್ಟೆಲ್ ಅಡುಗೆ ಕಾಂಟ್ರ್ಯಾಕ್ಟು ಮಾಡುವ ಒಬ್ಬ ಹೆಂಗಸು. ಮೆಷಿನ್ನು ಹೇಗನ್ನಿಸಿತು ಎಂದು ಕೇಳಿದೆ. ‘ಮೆಷಿನ್ ಚೆನ್ನಾಗಿದೆ ಮೇಡಂ. ಆ ಹಿರಿಯರು ತುಂಬಾ ಒಳ್ಳೆಯವರು’ ಎಂದರು. ಮತ್ತೆ ಯಾಕೆ ಬುಕ್ ಮಾಡಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯೋಚನೆ ಮಾಡಿ ಹೇಳ್ತೀನಿ ಮೇಡಂ’ ಎಂದು ಇಟ್ಟುಬಿಟ್ಟರು. ಇಂಥ ಉತ್ತರ ಎಷ್ಟೋ ಸಲ ಕೇಳಿದ್ದೇನೆ. ಅದರ ಮೇಲೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದಿನವರು ಹುಬ್ಬಳ್ಳಿಯ ಡೀಲರು. ಅವರು ಮುಚ್ಚುಮರೆ ಇಲ್ಲದ ಮನುಷ್ಯ. ‘ನಿಮ್ಮ ಮಾಲಕರು ನನಗ ಮೂರ್ ಸಲ ಯಾವೂರು ಅಂತ ಕೇಳಿದ್ರೀ. ಮೂರೂ ಸಲ ಹುಬ್ಬಳ್ಳಿ ಅಂದೆ. ಮೂರೂ ಸಲ ಕುರ್ಚಿ ಕೊಟ್ಟು ಕೂಡ್ರಿಸಿ, ಮೊದಲಿಂದ ಹೇಳಾಕ ಚಾಲೂ ಮಾಡಿದ್ರು’ ಎಂದರು. ಜನಸಂದಣಿಯಲ್ಲಿ ಹಾಗಾಗುತ್ತದೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ‘ಮಂದಿ ಭಾಳ ಇರಲಿಲ್ರೀ ಆಗ. ನಾ ಒಬ್ಬನ ಇದ್ದೆ’ ಎಂದರು.

ಮೈಸೂರಿನ ಅಡುಗೆಯವರೊಬ್ಬರು ಕೈಯಲ್ಲಿ ತಿರುಗಿಸುವ ಮೆಷಿನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಕರೆಂಟ್ ಹೋದಾಗ ಅದೇ ಅನುಕೂಲ ಎಂದು ಅಣ್ಣ ಹೇಳಿದನಂತೆ. ಅದನ್ನು ಮಾಡುವುದು ನಿಲ್ಲಿಸಿ ಒಂದು ತಲೆಮಾರೇ ಆಗಿಹೋಗಿತ್ತು. ಮೇಜಿನ ಮೇಲೆ ಇಲ್ಲದ ಮೆಷಿನ್ನನ್ನು ಅಣ್ಣ ಯಾಕೆ ಮಾರಲು ಹೋದ ಎಂದು ನನಗೆ ತಿಳಿಯಲಿಲ್ಲ. ಆದರೂ ಮುಂದಿನ ಕಾರ್ಡು ಎತ್ತಿಕೊಂಡೆ.

ದಾವಣಗೆರೆಯ ಹೋಟೆಲ್ ಮಾಲೀಕರದು ಅದು. ನಾನು ಕಂಪನಿಯ ಹೆಸರು ಹೇಳಿ, ಮಾಲೀಕರ ತಂಗಿ ಎಂದದ್ದೇ ತಡ, ದನಿ ಅರಳಿತು. ‘ನಿಮ್ಮ ಫೋನಿಗೇ ಕಾಯ್ತಿದ್ದೆ ನೋಡ್ರಿ. ಒಂದು ಮೆಷಿನ್ನು ತಗೊಳ್ಳೋದಂತೂ ಖರೆ. ನಿಮ್ಮ ತಂದೇರು ಯಾವಾಗ ಬರ್ತಾರೆ?’

‘ಯಾರು?’ ಎಂದೆ.

‘ತಂದೇರ್ರೀ. ಮೆಷಿನ್ನು ಎಲ್ಲಿ ಕೂರಿಸಬೇಕು ಅಂತ ಅವ್ರೇ ಬಂದು ನೆಲ ತಟ್ಟಿ ನೋಡಿ ಹೇಳ್ತಾರಂತಲ್ಲ. ನಿಮ್ಮ ಅಣ್ಣಾರು ಹೇಳಿದ್ರು. ಅಪ್ಪಾಜೀನ ಕಳಿಸ್ತೀನಿ, ಅವರು ನೋಡದೆ ನಾವು ಎಲ್ಲೂ ಮೆಷಿನ್ ಕೂರಿಸಲ್ಲ ಅಂದ್ರು.’

ಅಪ್ಪಾಜಿ ಹಾಗೆ ಮಾಡುತ್ತಿದ್ದುದು ನಿಜ. ಹೊಸ ಅಡುಗೆಮನೆಗೆ ಹೋದರೆ ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲವನ್ನು ಅಲ್ಲಲ್ಲಿ ತಟ್ಟಿ, ಟೊಳ್ಳಿಲ್ಲದ ಜಾಗ ತೋರಿಸುತ್ತಿದ್ದರು. ಅದನ್ನು ನೋಡಿದವರು ಈಗ ನಾನು, ಅಣ್ಣ ಇಬ್ಬರೇ ಉಳಿದಿದ್ದೇವೆ.

ಆ ಮನುಷ್ಯ ‘ಹಲೋ, ಹಲೋ’ ಎನ್ನುತ್ತಿದ್ದರು. ‘ನಾನೇ ಬರ್ತೀನಿ ಸರ್’ ಎಂದು ಹೇಳಿ ಫೋನಿಟ್ಟೆ. ಗೋಡೆಯ ಮೇಲೆ ಅಪ್ಪಾಜಿಯ ಪಟವಿತ್ತು. ಅಂದು ಬೆಳಿಗ್ಗೆ ಅದಕ್ಕೆ ಹೂವು ಮುಡಿಸಿದ್ದು ಅಣ್ಣನೇ.

ಸಂಜೆ ಹುಡುಗಿಯನ್ನು ಕರೆದುಕೊಂಡು ಹೊರಗೆ ಹೋದೆ. ಆಫೀಸಿನಲ್ಲಿ ಕೇಳುವ ಹಾಗಿರಲಿಲ್ಲ. ವಿಶ್ವೇಶ್ವರಪುರದ ತಿಂಡಿ ಬೀದಿಯ ತನಕ ನಡೆದೆವು. ಅಂಗಡಿಗಳು ಆಗತಾನೇ ಒಲೆ ಹಚ್ಚುತ್ತಿದ್ದವು. ಒಂದು ಕಡೆ ಕಾಫಿ ಹಿಡಿದುಕೊಂಡು ನಿಂತು, ‘ಸ್ಟಾಲಲ್ಲಿ ಏನಾಯ್ತು ಹೇಳು. ನಿನ್ನ ತಪ್ಪೇನೂ ಇಲ್ಲ’ ಎಂದೆ.

ಅವಳು ಲೋಟದ ಕಡೆಗೇ ನೋಡುತ್ತ ಹೇಳಿದಳು. ಎರಡನೇ ದಿನ ಅಣ್ಣ ಬಾತ್‌ರೂಮಿಗೆ ಹೋದವನು ವಾಪಸು ಬರಲಿಲ್ಲ. ಇವಳು ಹುಡುಕಿಕೊಂಡು ಹೋದಳು. ಎರಡು ಸಾಲು ಆಚೆ, ದೊಡ್ಡ ಗ್ಯಾಸ್ ಒಲೆಗಳ ಒಂದು ಸ್ಟಾಲಿನಲ್ಲಿ ಅವನು ನಿಂತಿದ್ದ. ಕತ್ತಿನಲ್ಲಿ ನಮ್ಮ ಕಂಪನಿಯ ಬ್ಯಾಡ್ಜು. ಬಂದವರಿಗೆಲ್ಲ ಕೈಮುಗಿದು ‘ಬನ್ನಿ, ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿದ್ದ.

‘ಆ ಸ್ಟಾಲಿನವರು?’

‘ಒಳ್ಳೆಯವರು ಮೇಡಂ. ಏನೂ ಅಂದಿರ್ಲಿಲ್ಲ. ಸರ್‌ಗೆ ಕೂರೋಕೆ ಒಂದು ಕುರ್ಚಿ ಹಾಕಿದ್ರು. ನಾನು ಹೋಗಿ ಸರ್, ನಮ್ಮ ಸ್ಟಾಲಿಗೆ ಗಿರಾಕಿ ಬಂದಿದಾರೆ ಅಂದೆ. ತಕ್ಷಣ ಬಂದ್ಬಿಟ್ರು.’

‘ಇನ್ನೇನಾಯ್ತು?’

ಅವಳು ಹೇಳಲೋ ಬೇಡವೋ ಎಂದು ತಡೆದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಕೊನೇ ದಿನ ಮೆಷಿನ್ನು ಓಡುತ್ತಿತ್ತು. ಅಣ್ಣನ ಕೈಯಲ್ಲಿ ಕಾಯಿಹೋಳಿತ್ತು. ಎದುರಿಗೆ ಜನರಿದ್ದರು. ಮಾತಿನ ಮಧ್ಯೆ ಅಣ್ಣ ಸುಮ್ಮನಾದ. ಕೈಯಲ್ಲಿದ್ದ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದ. ಅದನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ ನೋಡಿದ ಎಂದಳು. ಇನ್ನೊಂದು ಕೈ ಬ್ಲೇಡಿನ ಹತ್ತಿರ ಹೋಗುತ್ತಿತ್ತು. ಇವಳು ಓಡಿಬಂದು ಸ್ವಿಚ್ ಆರಿಸಿದಳು. ‘ಯಾಕಮ್ಮ ಆರಿಸ್ದೆ?’ ಎಂದು ಅಣ್ಣ ಕೇಳಿದನಂತೆ. ಎದುರಿಗಿದ್ದವರು ಒಬ್ಬೊಬ್ಬರಾಗಿ ದೊನ್ನೆ ಕೆಳಗಿಟ್ಟು ಹೋದರು.

‘ನಂಗೆ ಹೇಳ್ಬಾರ್ದಿತ್ತಾ?’ ಎಂದೆ.

‘ಹೇಗೆ ಹೇಳ್ಲಿ ಮೇಡಂ? ನಂಗೆ ಕೆಲಸ ಕಲಿಸಿದ್ದು ಅವರು’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳ ಬೆನ್ನ ಮೇಲೆ ಕೈಯಿಟ್ಟೆ. ಇಬ್ಬರೂ ಕಾಫಿ ಕುಡಿಯದೆ ಲೋಟ ವಾಪಸು ಕೊಟ್ಟೆವು.

ಅಲ್ಲಿಂದ ನೇರ ಶಂಕರಪುರದ ಅಣ್ಣನ ಮನೆಗೆ ಹೋದೆ. ಅಣ್ಣ ಸ್ನಾನಕ್ಕೆ ಹೋಗಿದ್ದ. ಅತ್ತಿಗೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನ ಮುಖ ನೋಡಿದವರೇ ಮೊರ ಪಕ್ಕಕ್ಕೆ ಸರಿಸಿ, ‘ಗೊತ್ತಾಯ್ತಾ?’ ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತೆ. ‘ನಿಮಗೆ ಯಾವಾಗಿಂದ ಗೊತ್ತು ಅತ್ತಿಗೆ?’

‘ಹೋದ ಶ್ರಾವಣದಲ್ಲಿ ಪೂಜೆಗೆ ಕೂತವರು ಮಧ್ಯದಲ್ಲಿ ನಿಂತ್ಬಿಟ್ರು. ಮುಂದಿನದು ಏನು ಅಂತ ನನ್ನ ಕೇಳಿದ್ರು. ಐವತ್ತು ವರ್ಷದಿಂದ ಮಾಡ್ತಿರೋ ಪೂಜೆ ಅದು.’ ಅತ್ತಿಗೆ ದನಿ ಎತ್ತರಿಸಲಿಲ್ಲ. ‘ಆಮೇಲಿಂದ ದಿನಾ ನಾನು ಅವರ ಜೊತೆ ಆಫೀಸಿನ ತನಕ ಬರ್ತಿಲ್ವಾ? ತರಕಾರಿಗೆ ಅಂತ?’

ಬರುತ್ತಿದ್ದರು. ಕೈಚೀಲ ಹಿಡಿದು, ಅಣ್ಣನ ಪಕ್ಕದಲ್ಲೇ ನಡೆದು ಬಂದು, ಗೇಟಿನ ಹತ್ತಿರ ಬಿಟ್ಟು ಹೋಗುತ್ತಿದ್ದರು. ‘ಈ ವಯಸ್ಸಲ್ಲಿ ಏನ್ ಪ್ರೀತಿ ಅತ್ತಿಗೆ’ ಎಂದು ನಾನು ಚುಡಾಯಿಸಿದ್ದೆ. ಅತ್ತಿಗೆ ನಕ್ಕಿದ್ದರು. ಅಂಗಡಿಗಳು ಮನೆ ಹತ್ತಿರವೇ ಇರುವಾಗ ತರಕಾರಿಗೆ ಚಾಮರಾಜಪೇಟೆಯ ತನಕ ಯಾಕೆ ಬರುತ್ತಾರೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

‘ಅಣ್ಣಂಗೆ ಗೊತ್ತಾ?’

‘ಎಷ್ಟೋ ಗೊತ್ತು, ಎಷ್ಟೋ ಗೊತ್ತಿಲ್ಲ. ಆಫೀಸಿಗೆ ಹೋದ್ರೆ ಸರಿಯಾಗ್ತೀನಿ ಅಂತಾರೆ. ನಾನು ಹೇಗೆ ಬೇಡ ಅನ್ಲಿ ಹೇಳು’ ಎಂದರು. ಬಚ್ಚಲಿನಿಂದ ಅಣ್ಣ ಹೊರಗೆ ಬಂದ ಸದ್ದಾಯಿತು. ಇಬ್ಬರೂ ಅವರೆಕಾಯಿ ಸುಲಿಯತೊಡಗಿದೆವು. ಅಣ್ಣ ಬಾಗಿಲಲ್ಲಿ ನಿಂತು, ‘ಏನೇ, ಫೋನು ಎಲ್ಲಿಗೆ ಬಂತು?’ ಎಂದು ಕೇಳಿದ. ‘ಇನ್ನೂ ಇದೆ ಅಣ್ಣ’ ಎಂದೆ.

ಉಳಿದ ಫೋನುಗಳನ್ನೂ ಮಾಡಿದೆ. ಯಾಕೆ ಮಾಡಿದೆನೋ ತಿಳಿಯದು. ಉತ್ತರ ಗೊತ್ತಿದ್ದರೂ ಒಬ್ಬರಾದರೂ ಬೇರೆ ಮಾತು ಹೇಳಲಿ ಎಂಬ ಆಸೆಯಿದ್ದಿರಬೇಕು. ಕೆಲವರು ನಿಜಕ್ಕೂ ಬೇರೆ ಹೇಳಿದರು. ಬೆಲೆ ಹೆಚ್ಚಾಯಿತು, ಈಗಲೇ ಬೇಡ, ಅಂತೆಲ್ಲ. ಆದರೆ ಎಷ್ಟೋ ಜನ ಆ ತುಮಕೂರಿನ ಹೆಂಗಸಿನ ಹಾಗೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಮೌನದ ಅರ್ಥ ಈಗ ನನಗೆ ತಿಳಿಯುತ್ತಿತ್ತು. ಗುರುತು ಪರಿಚಯವಿಲ್ಲದ ಜನ ನಮ್ಮಣ್ಣನ ಮಾನ ಕಾಯುತ್ತಿದ್ದರು.

ಮುಂದಿನ ಸೋಮವಾರ ಬಂತು. ಅಣ್ಣನಿಗೆ ಫಲಿತಾಂಶ ಹೇಳಬೇಕಿತ್ತು. ಏನೇನೋ ನೆವ ಹೇಳಿ ತಳ್ಳಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವನೇ ನನ್ನ ಮೇಜಿನ ಹತ್ತಿರ ಬಂದು ಕೂತ. ಅಂದು ಅವನ ಮಾತು, ನೋಟ ಎಲ್ಲ ತಿಳಿಯಾಗಿದ್ದವು. ಅಂಥ ದಿನಗಳೂ ಇರುತ್ತಿದ್ದವು.

‘ಫೋನು ಮುಗೀತಾ?’

‘ಮುಗೀತು.’

‘ಮತ್ತೆ ಯಾಕೆ ಹೇಳ್ತಿಲ್ಲ?’

‘ಈ ಸಲ ಅಷ್ಟು ಸರಿಯಾಗ್ಲಿಲ್ಲ ಅಣ್ಣ.’

‘ಸರಿಯಾಗ್ಲಿಲ್ಲ ಅನ್ನೋದು ಉತ್ತರ ಅಲ್ಲ. ಯಾಕೆ ಆಗ್ಲಿಲ್ಲ?’

‘ಸ್ಟಾಲು ಮೂಲೇಲಿತ್ತು.’

‘ಮೂಲೇಲಿದ್ರೆ ಇಷ್ಟು ಜನ ಕಾರ್ಡ್ ಕೊಟ್ಟು ಹೋಗ್ತಿದ್ರಾ?’

‘ಹೊರಗಿನ ಮಾಲು ಅಗ್ಗಕ್ಕೆ ಸಿಗ್ತಿದೆ.’

‘ಅದು ಹೋದ ವರ್ಷನೂ ಸಿಗ್ತಿತ್ತು. ಹೋದ ವರ್ಷ ನಮಗೆ ಆರ್ಡರ್ ಬಂತು.’

‘ಹುಡುಗಿ ಹೊಸಬಳು. ಅನುಭವ ಸಾಲ್ದು.’

‘ಅವಳ ಮೇಲೆ ಹಾಕ್ಬೇಡ’ ಎಂದ. ‘ಆ ಮಗು ಒಂದು ಕ್ಷಣ ಕೂರ್ಲಿಲ್ಲ, ನನ್ನ ಜೊತೆ ನಿಂತೇ ಇತ್ತು. ಮೆಷಿನ್ ಅದೇ, ಜಾಗ ಅದೇ, ಗಿರಾಕಿಗಳೂ ಅಂಥವರೇ.’ ಎಣಿಸುತ್ತ ಬೆರಳು ಮಡಚಿದ. ‘ಹಾಗಾದ್ರೆ ಉಳಿದಿದ್ದು ನಾನೊಬ್ಬನೇ.’

ನಾನು ಕಾರ್ಡುಗಳ ಡಬ್ಬಿಯ ಮುಚ್ಚಳ ಹಾಕಿದೆ.

‘ಹೇಳೇ. ನಾನೇನು ಮಾಡ್ದೆ?’

ಗ್ಯಾಸ್ ಒಲೆಯ ಸ್ಟಾಲಿನ ವಿಷಯ ಹೇಳಲು ಬಾಯಿ ಬರಲಿಲ್ಲ. ಕಾಯಿಹೋಳಿನ ವಿಷಯ ಹೇಳಲು ಬಾಯಿ ಬರಲಿಲ್ಲ. ‘ದಾವಣಗೆರೆಯವರಿಗೆ ಅಪ್ಪಾಜೀನ ಕಳಿಸ್ತೀನಿ ಅಂದಿದೀಯ ಅಣ್ಣ’ ಎಂದೆ.

ಅವನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ತಲೆಯೆತ್ತಿ ಗೋಡೆಯ ಪಟದ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಹಿಂದೆ ವರ್ಕ್‌ಶಾಪಿನಲ್ಲಿ ಯಾರೋ ನಲ್ಲಿ ತಿರುಗಿಸಿ ಕೈ ತೊಳೆಯುತ್ತಿದ್ದರು.

‘ಹೇಳೋವಾಗ ನಿಜ ಅಂತಲೇ ಅನ್ಕೊಂಡಿರ್ತೀನಿ, ಅಲ್ವಾ?’ ಎಂದ.

‘ಹೂಂ.’

‘ಅವರಿಗೆ ನೀನೇನಂದೆ?’

‘ನಾನೇ ಬರ್ತೀನಿ ಅಂದೆ.’

‘ಒಳ್ಳೇದಾಯ್ತು. ಗಿರಾಕೀನ ಕಾಯಿಸ್ಬಾರ್ದು.’ ಎದ್ದು ನಿಂತು ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿದ. ‘ಮುಂದಿನ ವರ್ಷ ಸ್ಟಾಲಲ್ಲಿ ನೀನು ನಿಲ್ಲು. ನಾನು ಬೇಡ. ಬೇರೆ ಯಾರಾಗಿದ್ರೂ ನಾನು ಇದನ್ನೇ ಹೇಳ್ತಿದ್ದೆ.’

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಣ್ಣ ಸಮಾಧಾನ ಮಾಡಲು ಬರಲಿಲ್ಲ. ಹಿಂದಕ್ಕೆ ಹೋಗಿ, ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡ. ತೊಳೆದುಕೊಳ್ಳುತ್ತಲೇ ಇದ್ದ.

ಅವನು ಆ ಮಾತನ್ನು ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿದ್ದುಂಟು. ಬೆಳಿಗ್ಗೆ ಏನು ತಿಂಡಿ ತಿಂದೆ ಎಂಬುದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ, ಆದರೆ ಈ ಮಾತು ನೆನಪಿತ್ತು. ಆಫೀಸಿಗೆ ಯಾರಾದರೂ ಗಿರಾಕಿ ಬಂದರೆ ಮೆಲ್ಲಗೆ ಎದ್ದು, ‘ನೀವಿಬ್ರೂ ಮಾತಾಡ್ತಿರಿ, ನಾನು ಹಿಂದೆ ಇರ್ತೀನಿ’ ಎಂದು ವರ್ಕ್‌ಶಾಪಿಗೆ ಹೋಗಿಬಿಡುತ್ತಿದ್ದ. ಹಳೇ ಡೀಲರುಗಳು ಬಂದು ಅಣ್ಣಾವ್ರೆಲ್ಲಿ ಎಂದು ಕೇಳುತ್ತಿದ್ದರು. ಬಾಗಿಲ ಸಂದಿಯಿಂದ ಅವನ ಬಿಳಿ ಅಂಗಿ ನನಗೆ ಕಾಣುತ್ತಿತ್ತು. ಊರಿಗೆ ಹೋಗಿದ್ದಾರೆ ಎಂದು ಹೇಳುತ್ತಿದ್ದೆ.

ಡಾಕ್ಟರಿಗೆ ತೋರಿಸಿದೆವು. ಸ್ಕ್ಯಾನು ಮಾಡಿದರು, ಮಾತ್ರೆ ಬರೆದುಕೊಟ್ಟರು. ಇದು ಮರೆವಿನ ಕಾಯಿಲೆ, ಮಾತ್ರೆಯಿಂದ ಬೆಳೆಯುವುದು ನಿಧಾನವಾಗಬಹುದು, ವಾಸಿಯಾಗುವುದಿಲ್ಲ ಎಂದರು. ಅತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದರು: ‘ಅವರಿಗೆ ನೋವಾಗುತ್ತಾ?’ ಡಾಕ್ಟರು ಇಲ್ಲವೆಂದರು. ನನಗೆ ಡಾಕ್ಟರ ಮೇಲೆ ಸಿಟ್ಟು ಬಂತು, ಅವರೇನು ತಪ್ಪು ಮಾಡಿದ್ದರೆಂದಲ್ಲ.

ದಾವಣಗೆರೆಗೆ ನಾನೇ ಹೋದೆ. ದೊಡ್ಡ ಅಡುಗೆಮನೆ, ಕಲ್ಲುಚಪ್ಪಡಿಯ ನೆಲ. ಮಾಲೀಕರು ನನ್ನ ಹಿಂದೆ ಬಾಗಿಲ ಕಡೆ ನೋಡಿ, ‘ತಂದೇರು ಬರಲಿಲ್ವಾ?’ ಎಂದರು. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ನಿಮ್ಮ ಅಣ್ಣಾರು ಹೇಳೋದು ಕೇಳಿದ್ರೆ, ತಂದೇರು ಮುಂದಿನ ಬಸ್ಸಿಗೇ ಹತ್ತಿ ಬರ್ತಾರೇನೋ ಅನ್ನಿಸ್ತಿತ್ತು ನೋಡ್ರಿ’ ಎಂದರು. ನಾನು ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ನೆಲ ತಟ್ಟಿದೆ. ನನಗೆ ಏನೂ ತಿಳಿಯಲಿಲ್ಲ. ಎಲ್ಲ ಕಡೆ ಒಂದೇ ಸದ್ದು. ನಮ್ಮ ಮೆಕ್ಯಾನಿಕ್ಕು ಅಳತೆ ಹಿಡಿದು ನೋಡಿ ಒಂದು ಜಾಗ ಹೇಳಿದ, ಅಲ್ಲೇ ಕೂರಿಸಿದೆವು. ಆ ವರ್ಷದ ಪ್ರದರ್ಶನದಿಂದ ನಮಗೆ ಬಂದದ್ದು ಹೆಚ್ಚೂಕಡಿಮೆ ಅದೊಂದೇ ಆರ್ಡರು.

ಅದಾದ ಮೇಲೆ ಇನ್ನೂ ಎರಡು ಸಲ ಪ್ರದರ್ಶನ ಬಂದು ಹೋಯಿತು. ಎರಡು ಸಲವೂ ಸ್ಟಾಲಿನಲ್ಲಿ ನಾನು, ಆ ಹುಡುಗಿ ನಿಂತೆವು. ಅಷ್ಟರಲ್ಲಿ ಅಣ್ಣ ಆಫೀಸಿಗೆ ಬರುವುದು ನಿಂತಿತ್ತು. ಕಳೆದ ಸಲ ಮುಗಿದ ಮರುದಿನ ಭಾನುವಾರ, ಬೆಳಿಗ್ಗೆ ಶಂಕರಪುರಕ್ಕೆ ಹೋದೆ. ಅಣ್ಣ ಮುಂಬಾಗಿಲ ಹತ್ತಿರ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅತ್ತಿಗೆ ತಲೆ ಬಾಚಿ, ವಿಭೂತಿ ಇಟ್ಟಿದ್ದರು. ನಾನು ಪಕ್ಕದಲ್ಲಿ ಕೂತು, ಪ್ರದರ್ಶನದ ವಿಷಯ ಹೇಳತೊಡಗಿದೆ. ಯಾರ್ಯಾರು ಬಂದರು, ಏನು ಕೇಳಿದರು, ಹೊಸ ಬ್ಲೇಡನ್ನು ಎಷ್ಟು ಜನ ಮೆಚ್ಚಿದರು.

ಅಣ್ಣ ತಲೆಯಾಡಿಸುತ್ತ ಕೇಳಿದ. ‘ಕೊಳ್ಳದೆ ಹೋದವರು ಯಾಕೆ ಕೊಳ್ಳಲಿಲ್ಲ?’ ಎಂದ. ನನಗೆ ಜೀವ ಬಂದ ಹಾಗಾಯಿತು. ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ, ಸ್ಟಾಲಿಗೆ ಬಂದವರ ಕಡೆ ನೋಡುತ್ತಿದ್ದನಲ್ಲ, ಹಾಗೇ ಮುಖ ಅರಳಿಸಿ ನನ್ನನ್ನು ನೋಡಿದ.

‘ನಿಮ್ಮದು ಯಾವ ಮೆಷಿನು ಮೇಡಂ?’

ಹುಟ್ಟಿದಾಗಿನಿಂದ ಅವನು ನನ್ನನ್ನು ‘ನೀವು’ ಎಂದಿರಲಿಲ್ಲ.

‘ಕಾಯಿ ತುರಿಯೋದು’ ಎಂದೆ.

‘ಒಳ್ಳೇ ಲೈನು ಅದು’ ಎಂದ. ‘ಚಾಮರಾಜಪೇಟೆಲಿ ನಮ್ಮ ಆಫೀಸಿದೆ. ಒಂದ್ಸಲ ಬಂದು ನಮ್ಮ ತಂಗಿ ಹತ್ರ ಮಾತಾಡಿ. ಈಗ ಎಲ್ಲಾ ನೋಡ್ಕೊಳ್ಳೋದು ಅವಳೇ. ತುಂಬಾ ಬುದ್ಧಿವಂತೆ. ನಾನು ಹೇಳಿದೆ ಅನ್ನಿ.’

‘ಆಗ್ಲಿ ಸರ್, ಮಾತಾಡ್ತೀನಿ’ ಎಂದೆ.

ಅತ್ತಿಗೆ ಕಾಫಿ ತಂದರು. ಅಣ್ಣ ತನ್ನ ಲೋಟವನ್ನು ಮೊದಲು ನನ್ನ ಕಡೆ ಚಾಚಿ, ‘ತಗೊಳ್ಳಿ, ದೂರದಿಂದ ಬಂದಿದೀರಿ’ ಎಂದ. ತಗೊಂಡೆ. ಅವನು ಕುಡಿದು ಮುಗಿಸುವ ತನಕ ಕೂತಿದ್ದು, ಮೀಸೆಗೆ ಅಂಟಿದ್ದ ನೊರೆಯನ್ನು ಒರೆಸಿದೆ. ಅದಕ್ಕೆ ಅವನು ಏನೂ ಅನ್ನಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ, ಅತ್ತಿಗೆಯ ಜೊತೆ ಅಡುಗೆಗೆ ನಿಂತೆ.